ಗೇಟಿನ ಪಕ್ಕದ ಮಂದಾರ: ಗುರುತು ಪತ್ತೆಯ ಒಂದು ಪ್ರಕರಣ

ಮೈಸೂರಿನ ಪಶ್ಚಿಮ ಭಾಗದ ಬಡಾವಣೆಯೊಂದರ ಉದ್ಯಾನದಲ್ಲಿ ನಡೆದ ಪ್ರಕರಣವಿದು. ಬಡಾವಣೆಯ ಹೆಸರು ಹಾಗೂ ಅಲ್ಲಿನವರ ಗುರುತನ್ನು ಬಿಟ್ಟಿದ್ದೇನೆ. ಮರದ ವಿವರಗಳಲ್ಲಿ ಮಾತ್ರ ಏನನ್ನೂ ಬದಲಿಸಿಲ್ಲ, ಏಕೆಂದರೆ ಇತರರಿಗೆ ಉಪಯೋಗಕ್ಕೆ ಬರುವುದು ಅದೊಂದೇ.

ಹಿನ್ನೆಲೆ

ಉದ್ಯಾನದ ಗೇಟು ದಾಟಿದೊಡನೆ ಎಡಕ್ಕೆ ಒಂದು ಮಂದಾರವಿದೆ. ಹದಿನೈದು ಅಡಿ ಮೀರದ ಮರ, ಕೊಂಬೆಗಳು ಸ್ವಲ್ಪ ಬಾಗಿ ಕೊಡೆಯಂತೆ ಹರಡಿವೆ. ವರ್ಷಗಳ ಹಿಂದೆ ದಸರಾ ಫಲಪುಷ್ಪ ಪ್ರದರ್ಶನಕ್ಕೆ ಹೋದವರಾರೋ ಅಲ್ಲಿನ ಮಳಿಗೆಯಲ್ಲಿ ಕೊಂಡು ತಂದು ನೆಟ್ಟ ಗಿಡವಂತೆ. ರಸ್ತೆಗಳಲ್ಲಿ ಆಕಾಶಮಲ್ಲಿಗೆ ಉದುರುತ್ತಿರುವಾಗ ಹೂಬಿಡಲು ತೊಡಗಿದರೆ ಶಿವರಾತ್ರಿ ಕಳೆದರೂ ಅದರ ಹೂವು ನಿಲ್ಲುವುದಿಲ್ಲ. ಒಂದೊಂದು ಹೂವೂ ಅಂಗೈಯನ್ನು ಮುಚ್ಚುವಷ್ಟು ದೊಡ್ಡದು, ಬಣ್ಣ ಗಾಢವಾದ ನೇರಳೆಗೆಂಪು. ಬೆಳಗಿನ ವಾಯುವಿಹಾರಕ್ಕೆ ಬರುವವರು ಮೊಬೈಲ್ ಹೊರತೆಗೆಯುವುದು ಈ ಮರದ ಕೆಳಗೇ.

ಇಷ್ಟು ಜನಪ್ರಿಯವಾದ ಮರವನ್ನು ನಡಿಗೆ ಪಥದ ಉದ್ದಕ್ಕೂ ಸಾಲಾಗಿ ನೆಡಬೇಕು ಎಂದು ನಿವಾಸಿಗಳ ಸಂಘ ತೀರ್ಮಾನಿಸಿತು. ಜೊತೆಗೆ ಉದ್ಯಾನದ ಎಲ್ಲ ಮರಗಳಿಗೂ ಹೆಸರಿನ ಫಲಕ ಹಾಕಿಸುವ ಯೋಜನೆಯೂ ಇತ್ತು. ಸಂಘದ ಕಾರ್ಯದರ್ಶಿ ಉತ್ಸಾಹಿ ಮನುಷ್ಯ. ಹಿಂದಿನ ಬೇಸಿಗೆಯಲ್ಲೇ ಮಾಲಿಯಿಂದ ಕಾಯಿ ಕೀಳಿಸಿ, ಪರಿಚಯದ ನರ್ಸರಿಗೆ ಬೀಜ ಕೊಟ್ಟು ಸಸಿ ಮಾಡಿಸಿದ್ದರು. ಪ್ಯಾಕೆಟ್ ಸಸಿಗಳು ಎರಡಡಿ ಬೆಳೆದು ಮೊದಲ ಮಳೆಗೆ ಕಾದಿದ್ದವು. ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನ್ನನ್ನು ಕರೆದದ್ದು ಫಲಕಗಳ ಹೆಸರು ಸರಿಯಿದೆಯೇ ನೋಡಿಕೊಡಲು, ಅಷ್ಟಕ್ಕೇ. ಸಸಿಗಳ ವಿಷಯ ಆಗಲೇ ಮುಗಿದ ಮಾತು ಎಂದು ಎಲ್ಲರೂ ಭಾವಿಸಿದ್ದರು.

ಸಮಸ್ಯೆ

ಬೇವು, ಹೊಂಗೆ, ಹೊಳೆದಾಸವಾಳಗಳ ಫಲಕಗಳಲ್ಲಿ ತಕರಾರಿರಲಿಲ್ಲ. ಗೇಟಿನ ಪಕ್ಕದ ಈ ಮರಕ್ಕೆ ಮಾತ್ರ ಮೂರು ಹೆಸರುಗಳು ಸಿದ್ಧವಾಗಿದ್ದವು. ಬ್ಯಾಂಕಿನಿಂದ ನಿವೃತ್ತರಾದ ಅಧ್ಯಕ್ಷರು ಯಾವುದೋ ಹಳೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಇದು ಬೌಹಿನಿಯಾ ವೇರಿಗೇಟಾ ಎಂದರು (ಬೌಹಿನಿಯಾ ಎಂಬುದು ಮಂದಾರಗಳ ಗುಂಪಿನ ಶಾಸ್ತ್ರೀಯ ಹೆಸರು, ಅದರ ಮುಂದಿನ ಪದ ಯಾವ ಮಂದಾರ ಎಂದು ಹೇಳುತ್ತದೆ). ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಯುವಕನೊಬ್ಬ ಮೊಬೈಲ್ ಆ್ಯಪ್‌ನಲ್ಲಿ ಹುಡುಕಿದ್ದ. ಅವನಿಗೆ ಒಂದು ಚಿತ್ರಕ್ಕೆ ಬೌಹಿನಿಯಾ ಪರ್ಪ್ಯೂರಿಯಾ ಎಂದೂ ಇನ್ನೊಂದಕ್ಕೆ ಬ್ಲೇಕಿಯಾನಾ ಎಂದೂ ಉತ್ತರ ಬಂದಿತ್ತು. ಆ್ಯಪ್ ಕೆಟ್ಟಿದೆ ಎಂದು ಎಲ್ಲರೂ ನಕ್ಕರು. ಆ ನಗೆಯಲ್ಲಿ ನಾನು ಸೇರಲಿಲ್ಲ. ಒಂದೇ ಮರಕ್ಕೆ ಎರಡು ಉತ್ತರ ಬಂದಾಗ ತಪ್ಪು ಯಂತ್ರದ್ದೇ ಎನ್ನುವ ಮೊದಲು ಆ ಚಿತ್ರಗಳನ್ನು ಎಲ್ಲಿಂದ ತೆಗೆದದ್ದು ಎಂದು ಕೇಳಬೇಕು.

ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಬೆಳೆದ ಅಜ್ಜಿಯೊಬ್ಬರು ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದರು. "ನಮ್ಮೂರಿನ ಮಂದಾರದ ದಳ ಇಷ್ಟು ಅಗಲ ಇರಲಿಲ್ಲಪ್ಪ. ಬೇಸಿಗೆಯಲ್ಲಿ ಕಾಯಿ ಚಟಚಟ ಸಿಡಿಯುತ್ತಿತ್ತು. ಇದರಲ್ಲಿ ಆ ಸದ್ದೇ ಇಲ್ಲ" ಎಂದರು. ಅವರ ಮಾತಿಗೆ ಸಭೆಯಲ್ಲಿ ಯಾರೂ ಬೆಲೆ ಕೊಡಲಿಲ್ಲ. ಆದರೆ ನನ್ನ ಮಟ್ಟಿಗೆ ಅಂದಿನ ಅತಿ ಮುಖ್ಯ ಸಾಕ್ಷ್ಯ ಅದೇ.

ಏಕೆಂದರೆ ಅದು ಜನವರಿ. ಅಕ್ಟೋಬರ್‌ನಿಂದ ಎಡೆಬಿಡದೆ ಹೂಬಿಟ್ಟ ಮರ. ಪರ್ಪ್ಯೂರಿಯಾ ಆಗಿದ್ದರೆ ಆ ಹೊತ್ತಿಗೆ ಗೇಣುದ್ದದ ಹಸಿರು ಕಾಯಿಗಳು ತೂಗಾಡಬೇಕು. ಈ ಮರದ ಮೇಲ್ಭಾಗದಲ್ಲಿ ಹೂವು ಉದುರಿದ ಬರಿಯ ತೊಟ್ಟುಗಳಿದ್ದವು, ಕಾಯಿ ಒಂದೂ ಇರಲಿಲ್ಲ. ಇನ್ನೊಂದು ಕಡೆ ಕಾರ್ಯದರ್ಶಿಯವರು ಇದೇ ಮರದ ಕಾಯಿಯಿಂದ ಸಸಿ ಮಾಡಿಸಿದ್ದೇನೆ ಎಂದು ಆಣೆ ಮಾಡುತ್ತಿದ್ದರು. ಅವರು ಸುಳ್ಳು ಹೇಳುವವರಲ್ಲ. ಕಾಯಿಯೇ ಆಗದ ಮರದ ಬೀಜ ಎಲ್ಲಿಂದ ಬಂತು? ಫಲಕದ ಪ್ರಶ್ನೆ ಈಗ ಸಸಿಗಳ ಪ್ರಶ್ನೆಯಾಯಿತು.

ಎಲೆಯಿಂದ ಹೂವಿಗೆ

ಮೊದಲು ಎಲೆಗಳನ್ನು ನೋಡಿದೆವು. ಬಸವನಪಾದ ಎಂದು ಜನ ಕರೆಯುವ ಈ ಗುಂಪಿನ ಮರಗಳಲ್ಲೆಲ್ಲ ಎಲೆ ತುದಿಯಲ್ಲಿ ಸೀಳಿ ಎರಡು ಹಾಳೆಯಾಗಿರುತ್ತದೆ. ಆದ್ದರಿಂದ ಸೀಳಿರುವುದನ್ನು ನೋಡಿ ಮಂದಾರ ಎನ್ನಬಹುದು, ಯಾವ ಮಂದಾರ ಎನ್ನಲು ಸೀಳು ಎಷ್ಟು ಆಳಕ್ಕಿಳಿದಿದೆ ಎಂದು ಅಳೆಯಬೇಕು. ವೇರಿಗೇಟಾದಲ್ಲಿ ಅದು ಎಲೆಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇಳಿಯುತ್ತದೆ. ಪರ್ಪ್ಯೂರಿಯಾದಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೂ ಹೋಗುತ್ತದೆ. ಯುವಕ ಉತ್ಸಾಹದಿಂದ ಒಂದು ಹಿಡಿ ಎಲೆ ಕಿತ್ತು ತಂದ. ಸ್ಕೇಲ್ ಇಟ್ಟು ಅಳೆದರೆ ಕೆಲವು ಈ ಕಡೆ, ಕೆಲವು ಆ ಕಡೆ. ಬಿಸಿಲಿನ ಎಲೆ, ನೆರಳಿನ ಎಲೆ, ಎಳೆಯ ಚಿಗುರಿನ ಎಲೆ ಒಂದೇ ಅಳತೆಗೆ ಬರುವುದಿಲ್ಲ ಎಂಬುದು ನಿಜ. ಆದರೂ ಇಷ್ಟೊಂದು ವ್ಯತ್ಯಾಸ ಬರಬಾರದಿತ್ತು. ಎಲೆಗಳ ರಾಶಿಯನ್ನು ಎಸೆಯದೆ ಹಳೆಯ ಪತ್ರಿಕೆಯ ನಡುವೆ ಇಡಲು ಹೇಳಿದೆ. ಆಮೇಲೆ ಅದರಿಂದ ಪ್ರಯೋಜನವಾಯಿತು.

ಬಣ್ಣದ ಚರ್ಚೆಯನ್ನು ಬೆಳೆಯಲು ಬಿಡಲಿಲ್ಲ. ಪರ್ಪ್ಯೂರಿಯಾ ತಿಳಿ ಗುಲಾಬಿಯಿಂದ ಕಡು ನೇರಳೆಯವರೆಗೆ ಬರುತ್ತದೆ, ವೇರಿಗೇಟಾದಲ್ಲಿ ಅಚ್ಚ ಬಿಳಿಯ ಬಗೆಯೂ ಇದೆ. ಅಂಥ ಗುಂಪಿನಲ್ಲಿ ಬಣ್ಣವನ್ನು ನಂಬಿ ಹೆಸರಿಡುವುದು ಸೀರೆಯ ಬಣ್ಣ ನೋಡಿ ಉಟ್ಟವರ ಊರು ಹೇಳಿದಂತೆ.

ನಂಬಬಹುದಾದದ್ದು ಕೇಸರಗಳ ಲೆಕ್ಕ. ಹೂವಿನ ನಡುವೆ ಬಾಗಿ ನಿಂತ ಉದ್ದನೆಯ ಎಳೆಗಳಲ್ಲಿ ತುದಿಗೆ ಪರಾಗದ ಚೀಲ ಹೊತ್ತವೆಷ್ಟು ಎಂದು ಎಣಿಸಬೇಕು. ಮಂದಾರಗಳ ನಡುವಿನ ವ್ಯತ್ಯಾಸ ಇಲ್ಲಿ ಆಶ್ಚರ್ಯವಾಗುವಷ್ಟು ಸ್ಪಷ್ಟ. ಗಿಡ್ಡನೆಯ ಬಿಳಿ ಮಂದಾರ ಅಂದರೆ ಬೌಹಿನಿಯಾ ಅಕ್ಯುಮಿನಾಟಾ, ಗಂಟೆಯಂತೆ ಜೋತುಬೀಳುವ ಹಳದಿ ಮಂದಾರ ಅಂದರೆ ಟೊಮೆಂಟೋಸಾ, ಇವೆರಡರಲ್ಲೂ ಹತ್ತು. ವೇರಿಗೇಟಾದಲ್ಲಿ ಐದು. ಪರ್ಪ್ಯೂರಿಯಾದಲ್ಲಿ ಮೂರು. ಮೊನಾಂಡ್ರಾ ಎಂಬ ಇನ್ನೊಂದರಲ್ಲಿ ಒಂದೇ ಒಂದು. ಉಳಿದ ಕೇಸರಗಳು ಕೂದಲೆಳೆಯಂತೆ ಸಣ್ಣಗಾಗಿ, ಚೀಲವಿಲ್ಲದೆ, ಬುಡದಲ್ಲೇ ಕುಗ್ಗಿರುತ್ತವೆ. ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಮಧ್ಯದಲ್ಲಿ ಹಸಿರಾಗಿ, ತುದಿ ಸ್ವಲ್ಪ ದಪ್ಪನಾಗಿ ಮೇಲಕ್ಕೆ ಬಾಗಿದ್ದು ಅಂಡಾಶಯ ಮತ್ತು ಶಲಾಕೆ. ಹೊಸಬರು ಅದನ್ನೂ ಸೇರಿಸಿ ಎಣಿಸಿ ಮೂರನ್ನು ನಾಲ್ಕು ಮಾಡುತ್ತಾರೆ.

ಮಾಲಿ ಕೊಕ್ಕೆ ಕಟ್ಟಿದ ಕೋಲಿನಿಂದ ಮರದ ತಲೆಯಿಂದ ಹೂವುಗಳನ್ನು ಇಳಿಸಿದ. ಬೆಂಚಿನ ಮೇಲೆ ಪತ್ರಿಕೆ ಹಾಸಿ ದಳಗಳನ್ನು ಒಂದೊಂದಾಗಿ ಬಿಡಿಸಿ ಸಾಲಾಗಿ ಇಟ್ಟೆವು. ಐದು ದಳಗಳೂ ಅಗಲ, ಅರಳಿದಾಗ ಅಂಚಿಗೆ ಅಂಚು ತಾಗುವಂತೆ ಇದ್ದವು. ಮೇಲಿನ ದಳದ ಒಳಗೆ ಇನ್ನೂ ಗಾಢವಾದ ಗೆರೆಗಳಿದ್ದವು. ಕೇಸರ ಐದು, ಅವುಗಳಲ್ಲಿ ಮೂರು ಉದ್ದ, ಎರಡು ಗಿಡ್ಡ. ಅಧ್ಯಕ್ಷರ ಮುಖ ಅರಳಿತು. ಐದೆಂದರೆ ಅವರ ವೇರಿಗೇಟಾ.

"ಸರ್, ನನ್ನದರಲ್ಲಿ ಮೂರೇ ಇದೆ" ಎಂದ ಯುವಕ.

ಅವನ ಕೈಯಲ್ಲಿದ್ದ ಹೂವು ಸ್ವಲ್ಪ ಚಿಕ್ಕದು, ಬಣ್ಣ ಒಂದು ಛಾಯೆ ತಿಳಿ. ದಳಗಳು ಕಿರಿದಾಗಿ, ಒಂದಕ್ಕೊಂದು ತಾಗದೆ, ನಡುವೆ ಬೆಳಕು ಕಾಣುವಷ್ಟು ದೂರ ನಿಂತಿದ್ದವು. ಜೊತೆಗಿದ್ದ ಮೊಗ್ಗನ್ನು ಬೆರಳ ನಡುವೆ ಹೊರಳಿಸಿದರೆ ಉದ್ದಕ್ಕೂ ಏಣುಗಳು ತಗಲುತ್ತಿದ್ದವು. ಅದು ಎಲ್ಲ ಬಗೆಯಲ್ಲೂ ಪರ್ಪ್ಯೂರಿಯಾ. ಎಲ್ಲಿಂದ ಕಿತ್ತೆ ಎಂದು ಕೇಳಿದೆ. "ಇದೇ ಮರದಿಂದ ಸರ್, ಕೈಗೆ ಸಿಕ್ಕಿದ್ದು."

ತಿರುವು

ಕೈಗೆ ಸಿಕ್ಕಿದ್ದು ಎಂಬ ಮಾತಿನಲ್ಲಿ ಎಲ್ಲವೂ ಇತ್ತು. ಮಾಲಿಯನ್ನು ಕರೆದು ಕಳೆದ ಬೇಸಿಗೆಯಲ್ಲಿ ಕಾಯಿ ಕಿತ್ತದ್ದು ಯಾವ ಕೊಂಬೆಯಿಂದ ಎಂದು ವಿಚಾರಿಸಿದೆವು. ಆತ ಒಂದು ಕ್ಷಣವೂ ಯೋಚಿಸಲಿಲ್ಲ. "ಈ ಕೆಳಗಿನ ಕೊಂಬೆ ಸರ್. ಮೇಲೆ ಎಂದೂ ಕಾಯಿ ಕಚ್ಚಿದ್ದೇ ಇಲ್ಲವಲ್ಲ." ಅಷ್ಟು ವರ್ಷ ಆ ಮರಕ್ಕೆ ನೀರು ಹಾಕಿದವನಿಗೆ ಅದು ಗೊತ್ತಿತ್ತು, ಯಾರೂ ಕೇಳಿರಲಿಲ್ಲ.

ಬುಡದ ಸುತ್ತ ಕ್ರೋಟನ್ ಗಿಡಗಳು ಒತ್ತಾಗಿ ಬೆಳೆದಿದ್ದವು. ಅವನ್ನು ಸರಿಸಿ, ಕೆಳಗಿನ ಕೊಂಬೆಯನ್ನು ಹಿಡಿದು ಅದು ಹುಟ್ಟಿದ ಜಾಗದವರೆಗೆ ಕಣ್ಣು ಓಡಿಸಿದೆವು. ಮೊಣಕಾಲಿನ ಎತ್ತರದಲ್ಲಿ ಕಾಂಡಕ್ಕೆ ಉಂಗುರದಂತೆ ಒಂದು ಉಬ್ಬು. ಉಬ್ಬಿನ ಮೇಲಿನ ತೊಗಟೆ ಬೂದು ಬಣ್ಣದ್ದು, ನಯ. ಕೆಳಗಿನದು ಕಂದು, ಒರಟು. ಆ ಕೊಂಬೆ ಹೊರಟದ್ದು ಉಬ್ಬಿನ ಕೆಳಗಿನಿಂದ.

ಅದು ಕಸಿ ಗಿಡ. ನರ್ಸರಿಯವರು ಪರ್ಪ್ಯೂರಿಯಾದ ಬೇರುಗಿಡದ ಮೇಲೆ ಬೇರೊಂದು ಮಂದಾರದ ಕುಡಿಯನ್ನು ಕಸಿ ಕಟ್ಟಿದ್ದರು. ಮೇಲಿನದು ಬೆಳೆದು ಮರವಾಯಿತು. ಯಾವಾಗಲೋ ಬೇರುಗಿಡವೂ ಚಿಗುರೊಡೆದು ತನ್ನದೇ ಕೊಂಬೆ ಹೊರಡಿಸಿತು. ಯಾರೂ ಗಮನಿಸದೆ ಅದು ಮರದ ಭಾಗವೇ ಆಗಿಹೋಯಿತು. ಪತ್ರಿಕೆಯ ನಡುವೆ ಇಟ್ಟಿದ್ದ ಎಲೆಗಳನ್ನು ಮತ್ತೆ ತೆಗೆದು, ಈ ಬಾರಿ ಮೇಲಿನ ಮತ್ತು ಕೆಳಗಿನ ಕೊಂಬೆಗಳ ಎಲೆಗಳ ಪಕ್ಕ ಇಟ್ಟು ನೋಡಿದೆವು. ಆಳ ಸೀಳಿನವು ಒಂದು ರಾಶಿ, ಕಡಿಮೆ ಸೀಳಿನವು ಇನ್ನೊಂದು ರಾಶಿಯಾಗಿ ಬೇರೆಯಾದವು. ಆ್ಯಪ್‌ಗೆ ಸಿಕ್ಕ ಎರಡು ಚಿತ್ರಗಳೂ ಹಾಗೆಯೇ, ಒಂದು ಕೆಳಗಿನದು, ಒಂದು ಮೇಲಿನದು. ಆ್ಯಪ್ ಎರಡು ಬಾರಿಯೂ ಸರಿಯಾಗಿಯೇ ಹೇಳಿತ್ತು. ಎರಡು ಗಿಡಗಳನ್ನು ಒಂದೆಂದು ತೋರಿಸಿದ್ದು ನಾವು.

ಮೇಲಿನದು ಯಾವುದು?

ಐದು ಕೇಸರ ಕಂಡ ಮಾತ್ರಕ್ಕೆ ಅಧ್ಯಕ್ಷರ ಪಟ್ಟಿಯನ್ನು ಒಪ್ಪುವಂತಿರಲಿಲ್ಲ. ವೇರಿಗೇಟಾ ಹೂಬಿಡುವುದು ಚಳಿಗಾಲದ ಕೊನೆಗೆ, ಹೆಚ್ಚಾಗಿ ಎಲೆ ಉದುರಿದ ಬರಿಯ ಕೊಂಬೆಗಳಲ್ಲಿ. ಈ ಮರ ಎಲೆಗಳ ನಡುವೆಯೇ ಅಕ್ಟೋಬರ್‌ನಿಂದ ಹೂಬಿಟ್ಟಿತ್ತು. ನಗರದ ಇನ್ನೊಂದು ಉದ್ಯಾನದಲ್ಲಿ ಅನುಮಾನಕ್ಕೆಡೆಯಿಲ್ಲದ ಒಂದು ವೇರಿಗೇಟಾ ಇತ್ತು. ಅದು ಹೂಬಿಡುವವರೆಗೆ ಫಲಕವನ್ನು ತಡೆಹಿಡಿಯಲು ಕೇಳಿಕೊಂಡೆ. ಕಾರ್ಯದರ್ಶಿಗೆ ಇಷ್ಟವಾಗಲಿಲ್ಲ, ಫಲಕ ಬರೆಯುವವನಿಗೆ ಮುಂಗಡ ಕೊಟ್ಟಾಗಿತ್ತು. ಆದರೂ ತಡೆದರು. ಫೆಬ್ರವರಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ವಾದ ಉಳಿಯಲಿಲ್ಲ. ವೇರಿಗೇಟಾದ ಹೂವು ಚಿಕ್ಕದು, ತಿಳಿ ನೇರಳೆ, ಒಂದು ದಳದಲ್ಲಿ ಮಾತ್ರ ಎದ್ದು ಕಾಣುವ ಗಾಢ ಮಚ್ಚೆ. ಉದುರಿದ ಹೂಗಳ ಜಾಗದಲ್ಲಿ ಎಳೆಗಾಯಿ ಆಗಲೇ ಮೂಡುತ್ತಿತ್ತು.

ಕಾಯಿ ಇಲ್ಲದಿರುವುದೊಂದೇ ಸಾಕ್ಷ್ಯವಾಗಲಾರದು. ಒಂಟಿ ಮರಕ್ಕೆ ಪರಾಗಸ್ಪರ್ಶ ಆಗದಿರಬಹುದು, ನೀರಿನ ಕೊರತೆಗೆ ಎಳೆಗಾಯಿ ಉದುರಬಹುದು. ಆದರೆ ಸೂರಕ್ಕಿಗಳೂ ದುಂಬಿಗಳೂ ದಿನವಿಡೀ ಎರಡೂ ಕಡೆಯ ಹೂಗಳಿಗೆ ಬರುತ್ತಿದ್ದವು. ಕೆಳಗಿನ ಕೊಂಬೆಯಲ್ಲಿ ಕಾಯಿ ಕಟ್ಟುತ್ತಿತ್ತು, ಅದೇ ಬೇರಿನ ನೀರು ಕುಡಿದ ಮೇಲಿನ ಕೊಂಬೆಯಲ್ಲಿ ಇಲ್ಲ. ಪ್ರಯೋಗಶಾಲೆಯಲ್ಲಿ ಮಾಡುವ ಹೋಲಿಕೆಯನ್ನು ಮರ ತಾನಾಗಿಯೇ ಮಾಡಿಟ್ಟಿತ್ತು. ಪರಿಚಯದ ಅಧ್ಯಾಪಕಿಯೊಬ್ಬರು ತಮ್ಮ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಎರಡೂ ಹೂಗಳ ಪರಾಗವನ್ನು ಅಸಿಟೋಕಾರ್ಮಿನ್ ಬಣ್ಣ ಹಾಕಿ ನೋಡಿದರು. ಜೀವವಿರುವ ಕಣ ಆ ಬಣ್ಣ ಹೀರಿ ದುಂಡಗೆ ಕೆಂಪಾಗುತ್ತದೆ. ಕೆಳಗಿನ ಹೂವಿನ ಕಣಗಳು ಹಾಗಿದ್ದವು. ಮೇಲಿನವು ಹೆಚ್ಚಿನಂಶ ಮುದುಡಿ, ಬಣ್ಣವಿಲ್ಲದೆ, ಪೊಳ್ಳಾಗಿದ್ದವು.

ಗಾಢ ನೇರಳೆಗೆಂಪಿನ ದೊಡ್ಡ ಹೂವು, ಐದು ಕೇಸರ, ತಿಂಗಳುಗಟ್ಟಲೆ ನಿಲ್ಲದ ಹೂಗಾಲ, ಕಾಯಿಯಿಲ್ಲ, ಪರಾಗ ಪೊಳ್ಳು, ಕಸಿಯ ಗುರುತು. ಇವೆಲ್ಲ ಸೇರುವ ಮಂದಾರ ಬ್ಲೇಕಿಯಾನಾ. ಇದು ಹಾಂಗ್‌ಕಾಂಗ್‌ನ ಲಾಂಛನವಾಗಿರುವ ಹೂವು, 1997ರಿಂದ ಅಲ್ಲಿನ ಧ್ವಜದ ಮೇಲೆ ಇರುವುದೂ ಇದೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿನ ಸಮುದ್ರ ತೀರದ ಬಳಿ ಫ್ರೆಂಚ್ ಪಾದ್ರಿಯೊಬ್ಬರ ಕಣ್ಣಿಗೆ ಬಿದ್ದ ಮರದಿಂದ ಇದರ ವಂಶ ಮುಂದುವರಿಯಿತು. 1908ರಲ್ಲಿ ಇದಕ್ಕೆ ಅಲ್ಲಿ ಹಿಂದೆ ಗವರ್ನರ್ ಆಗಿದ್ದ ಹೆನ್ರಿ ಬ್ಲೇಕ್ ಅವರ ಗೌರವಕ್ಕೆ ಹೆಸರಿಟ್ಟರು. ಪರ್ಪ್ಯೂರಿಯಾ ಮತ್ತು ವೇರಿಗೇಟಾಗಳ ಮಿಶ್ರತಳಿ ಇದು ಎಂಬುದನ್ನು 2005ರಲ್ಲಿ ಪ್ರಕಟವಾದ ತಳಿ ಅಧ್ಯಯನ ಖಚಿತಪಡಿಸಿತು. ಬಹುಮಟ್ಟಿಗೆ ಬಂಜೆಯಾದ್ದರಿಂದ ಬೀಜದಿಂದ ಬೆಳೆಯುವುದಿಲ್ಲ. ಗೂಟಿ (ಕೊಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು), ಕಸಿ, ಕಡ್ಡಿ ಇವುಗಳಿಂದಲೇ ಲೋಕವೆಲ್ಲ ಹರಡಿದೆ.

ಸಸಿಗಳನ್ನು ಏನು ಮಾಡುವುದು

ಸಂಘದ ಸಭೆಯಲ್ಲಿ ಇದನ್ನು ಹೇಳಿದಾಗ ಹೆಸರಿನ ಬಗ್ಗೆ ಯಾರಿಗೂ ಆಸಕ್ತಿ ಉಳಿದಿರಲಿಲ್ಲ. ಪ್ಯಾಕೆಟ್ ಸಸಿಗಳೆಲ್ಲ ಕೆಳಗಿನ ಕೊಂಬೆಯ ಮಕ್ಕಳು. ನೆಟ್ಟರೆ ಎರಡು ಮೂರು ವರ್ಷದ ಬಳಿಕ ಪರ್ಪ್ಯೂರಿಯಾ ಹೂಬಿಡುತ್ತವೆ. ಸಾಲಿನಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಬೇಕೆಂದವರಿಗೆ ಬೇಕಾದ ಹೂವು ಅದಲ್ಲ. ಸಸಿಗಳನ್ನು ಬಿಸಾಡಿ ಎಂದರು ಕೆಲವರು. ಖರ್ಚು ಮಾಡಿದ್ದೇವೆ, ಅವನ್ನೇ ನೆಟ್ಟುಬಿಡೋಣ, ಎರಡೂ ಮಂದಾರವೇ ತಾನೆ ಎಂದರು ಇನ್ನು ಕೆಲವರು.

ಇಲ್ಲಿ ನಾನು ಕೇಳಿದ್ದು ಒಂದೇ. ನಿಮಗೆ ಇದೇ ಹೂವು ಬೇಕೋ, ಅಥವಾ ಹೂಬಿಡುವ ಸಾಲು ಬೇಕೋ? ಇದೇ ಹೂವೇ ಬೇಕೆಂದರೆ ಮಳೆಗಾಲದಲ್ಲಿ ಗೂಟಿ ಕಟ್ಟಿ ಕಾಯಬೇಕು. ಸಾಲು ಸಾಕೆಂದರೆ ಸಸಿಗಳಲ್ಲಿ ಯಾವ ದೋಷವೂ ಇಲ್ಲ. ಪರ್ಪ್ಯೂರಿಯಾ ಗಟ್ಟಿ ಜೀವ, ನಮ್ಮ ಕೆಂಪು ಮಣ್ಣಿಗೆ ಒಗ್ಗಿದ್ದು, ಹಕ್ಕಿ ದುಂಬಿಗಳಿಗೂ ಬೇಕಾದದ್ದು. ಒಂದೇ ಮರದ ಪಡಿಯಚ್ಚುಗಳನ್ನು ಸಾಲಾಗಿ ನೆಟ್ಟರೆ ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುವ ಭಯವಿದೆ ಎಂಬುದನ್ನೂ ಹೇಳಿದೆ. ಕೊನೆಗೆ ಸಂಘ ಎರಡನ್ನೂ ಆರಿಸಿಕೊಂಡಿತು. ಪಥದ ಪೂರ್ವದ ಅಂಚಿಗೆ ಸಸಿಗಳು, ಪಶ್ಚಿಮದ ಅಂಚಿಗೆ ಗೂಟಿ ಗಿಡಗಳು. ಪರ್ಪ್ಯೂರಿಯಾ ಮಳೆಗಾಲದ ಕೊನೆಯಿಂದ ಹೆಚ್ಚಾಗಿ ಡಿಸೆಂಬರ್‌ವರೆಗೆ, ಇನ್ನೊಂದು ಮಾರ್ಚ್‌ವರೆಗೆ. ಹೂಗಾಲ ಉದ್ದವಾಗುತ್ತದೆ ಎಂಬ ಕಾರಣ ಕಾರ್ಯದರ್ಶಿಗೆ ಹಿಡಿಸಿತು. ಮಿಕ್ಕ ಸಸಿಗಳು ಹತ್ತಿರದ ಸರ್ಕಾರಿ ಶಾಲೆಯ ಕಾಂಪೌಂಡಿಗೆ ಹೋದವು.

ಕೆಳಗಿನ ಕೊಂಬೆಯ ವಿಷಯದಲ್ಲಿ ಜಗಳವೇ ಆಯಿತು. ಬೇರುಗಿಡದ ಚಿಗುರು ಮೇಲಿನ ಕಸಿಗಿಂತ ಚುರುಕು. ಬಿಟ್ಟರೆ ಕೆಲವು ವರ್ಷಗಳಲ್ಲಿ ಮೇಲಿನದನ್ನು ಸೊರಗಿಸುತ್ತದೆ. ಅಜ್ಜಿ ಮಾತ್ರ ಆ ಕೊಂಬೆಯನ್ನು ಕಡಿಯಬಾರದು ಎಂದರು, ಅವರಿಗೆ ಬೇಕಾದ ಮಂದಾರ ಅದೇ ಆಗಿತ್ತು. ಪೂರ್ವದ ಸಾಲೆಲ್ಲ ಅದರದೇ ಮಕ್ಕಳು ಎಂದು ಹೇಳಿ ಒಪ್ಪಿಸಬೇಕಾಯಿತು. ಕಾಯಿ ಬಲಿತು ಬೀಜ ತೆಗೆದ ಮೇಲೆ, ಮೋಟು ಉಳಿಯದಂತೆ ಬುಡಕ್ಕೆ ಸರಿಯಾಗಿ ಕತ್ತರಿಸಲಾಯಿತು.

ಗೂಟಿಯ ಕೆಲಸ ಮಾಲಿಯದು. ಮಂಡ್ಯದ ಕಡೆಯ ತನ್ನೂರಿನಲ್ಲಿ ದಾಳಿಂಬೆಗೂ ನಿಂಬೆಗೂ ಗೂಟಿ ಕಟ್ಟಿದ ಕೈ. ಆಷಾಢದ ಮಳೆಗೆ ಹೆಬ್ಬೆರಳು ದಪ್ಪದ ಕೊಂಬೆಗಳನ್ನು ಆರಿಸಿ, ಒಂದಂಗುಲ ಅಗಲ ತೊಗಟೆಯನ್ನು ಸುತ್ತಲೂ ತೆಗೆದು, ಒಳಗಿನ ಜಾರು ಪದರವನ್ನು ಚಾಕುವಿನ ಬೆನ್ನಿನಿಂದ ಕೆರೆದು, ನೆನೆಸಿದ ತೆಂಗಿನ ನಾರಿನ ಪುಡಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಎರಡೂ ತುದಿ ಬಿಗಿದ. ಆ ಜಾರು ಪದರ ಉಳಿದ ಕಡೆಗಳಲ್ಲಿ ತೊಗಟೆ ಮತ್ತೆ ಕೂಡಿಕೊಂಡು ಬೇರು ಬರಲಿಲ್ಲ, ಕೆಲವು ಒಣಗಿದವು. ದಸರಾ ಹೊತ್ತಿಗೆ ಉಳಿದವುಗಳಲ್ಲಿ ಪ್ಲಾಸ್ಟಿಕ್‌ನ ಒಳಗೆ ಬಿಳಿಯ ಬೇರುಗಳು ಕಂಡವು. ಅವೀಗ ಸ್ವಂತ ಬೇರಿನ ಗಿಡಗಳಾದ್ದರಿಂದ ಬುಡದಿಂದ ಚಿಗುರಿದರೂ ಅದೇ ಹೂವು ಬರುತ್ತದೆ. ಗೇಟಿನ ಪಕ್ಕದ ತಾಯಿಮರಕ್ಕೆ ಆ ಅನುಕೂಲವಿಲ್ಲ.

ಇಂಥ ಪ್ರಶ್ನೆ ಎದುರಾದವರಿಗೆ ಹೇಳಬೇಕಾದ ಒಂದೆರಡು ಮಾತಿದೆ. ಮಾದರಿ ಕೀಳುವಾಗ ಎಲೆ, ಹೂವು, ಕಾಯಿ ಮೂರನ್ನೂ ಒಂದೇ ಕೊಂಬೆಯಿಂದ ಕೀಳಿ, ಕೊಂಬೆಗೆ ದಾರ ಕಟ್ಟಿ. ನರ್ಸರಿಯಿಂದ ಬಂದ ಅಲಂಕಾರದ ಮರವಾದರೆ ಹೂವು ನೋಡುವ ಮೊದಲು ಬುಡ ನೋಡಿ. ದಾಸವಾಳ, ಗುಲಾಬಿ, ಮಾವುಗಳಿಗೂ ಇದು ಅನ್ವಯಿಸುತ್ತದೆ. ಮಾಲಿಯನ್ನು ಮೊದಲೇ ಕೇಳಿದ್ದರೆ ಪತ್ರಿಕೆ ಹಾಸುವ ಕೆಲಸವೇ ಅರ್ಧ ತಪ್ಪುತ್ತಿತ್ತು.

ಮೂರನೆಯ ಮಳೆಗಾಲ ಮುಗಿದಾಗ ಪೂರ್ವದ ಸಾಲಿನಲ್ಲಿ ಮೊದಲ ಹೂವು ಬಂತು. ಯುವಕ ದಳ ಬಿಡಿಸಿ ಎಣಿಸಿ ಚಿತ್ರ ಕಳುಹಿಸಿದ: ಮೂರು ಕೇಸರ. ಫಲಕಗಳೂ ಈಗ ಎರಡಾಗಿವೆ. ಗೇಟಿನ ಪಕ್ಕದ ಫಲಕದಲ್ಲಿ ಹೆಸರಿನ ಕೆಳಗೆ ಮಾಲಿಯ ಒತ್ತಾಯಕ್ಕೆ ಒಂದು ಸಾಲು ಸೇರಿಸಲಾಗಿದೆ: "ಕಸಿ ಮರ. ಉಬ್ಬಿನ ಕೆಳಗೆ ಚಿಗುರಿದ್ದನ್ನು ಆಗಾಗ ತೆಗೆಯಬೇಕು."